ಗಿಳಿಯಿಲ್ಲದ ಪರದೆ

ಉಮೇಶನ ಬೆರಳಿಗೇ ಕಣ್ಣಿದೆ ಎಂದು ಹೊಸನಗರದವರು ಹೇಳುತ್ತಿದ್ದರು. ಆ ಕಣ್ಣು ಮೂಡಿದ್ದು ತೀರ್ಥಹಳ್ಳಿಯ ಟೈಪಿಂಗ್ ಶಾಲೆಯಲ್ಲಿ. ಅಲ್ಲಿ ಕಲಿಯುವವರ ಕೈಗಳ ಮೇಲೆ ಕಪ್ಪು ಬಟ್ಟೆ ಹೊದಿಸುತ್ತಿದ್ದರು. ಬಗ್ಗಿ ಇಣುಕಿದರೆ ಗೆಣ್ಣಿಗೆ ಅಡಿಪಟ್ಟಿಯ ಏಟು. ಶಿಫ್ಟ್ ಒಂದು ಕೈಯಲ್ಲಿ, ಅಕ್ಷರ ಇನ್ನೊಂದು ಕೈಯಲ್ಲಿ. ಎರಡನ್ನೂ ಒಂದೇ ಕೈಯಲ್ಲಿ ಒತ್ತಿದವನನ್ನು ಮೇಷ್ಟ್ರು ಮತ್ತೆ ಮೊದಲ ಪಾಠಕ್ಕೆ ಕಳಿಸುತ್ತಿದ್ದರು.

ಮುಂದೆ ತಾಲ್ಲೂಕು ಕಚೇರಿಯ ಎದುರು ಅಂಗಡಿ ಹಾಕಿ ಅವನು ಅರ್ಜಿ, ಮದುವೆ ಕಾಗದ ಟೈಪು ಮಾಡಿದ. ಹೆಂಡತಿ ಸರೋಜ ಪಕ್ಕದ ಸ್ಟೂಲಿನಲ್ಲಿ ಕೂತು ಗಟ್ಟಿಯಾಗಿ ಓದಿ ತಪ್ಪು ಹುಡುಕುವಳು.

"ವರನ ಅಪ್ಪನ್ನೇ ವರ ಮಾಡಿದೀರಲ್ಲ, ಪುಣ್ಯಾತ್ಮರೇ! ಹುಡುಗಿ ಕಡೆಯೋರು ಬಿಡ್ತಾರಾ?"

ಮದುವೆ ಕಾಗದಗಳು ಫೋನಿನಲ್ಲೇ ತಯಾರಾಗತೊಡಗಿದ ಮೇಲೆ ಅಂಗಡಿ ಮುಚ್ಚಿ, ಅಲ್ಲಿದ್ದ ಕಂಪ್ಯೂಟರನ್ನು ಮನೆಗೆ ತಂದಿಟ್ಟ. ಆ ಮಳೆಗಾಲ ಮುಗಿಯುವುದರೊಳಗೆ ಸರೋಜಳಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಮಾತು ಹೋದವು. ತಿಳಿವು ಮಾತ್ರ ಮೊದಲಿನಂತೆಯೇ ಉಳಿಯಿತು.

"ಎಡಗೈ ಜೋಮು ಹಿಡಿದರೆ ಒಂದು ಗಳಿಗೆಯೂ ಕಾಯಬೇಡಿ. ಕೂಡಲೇ ಕರ್ಕೊಂಡು ಬನ್ನಿ" ಎಂದಿದ್ದರು ಡಾಕ್ಟರು.

ಎಡಗೈಯಲ್ಲಿ ಬರೆಯಹೋದರೆ ಗೆರೆಗಳು ಅಕ್ಷರವಾಗಲಿಲ್ಲ. ಫೋನಿನ ಗಾಜಿನ ಮೇಲೆ ನಡುಗುವ ಬೆರಳು ನಿಲ್ಲಲಿಲ್ಲ. ಹಳೆಯ ಕಂಪ್ಯೂಟರಿನ ದಪ್ಪ ಕೀಲಿಗಳಷ್ಟೇ ಅವಳಿಗೆ ಒಗ್ಗಿದವು. ಸಾಗರದ ಕಾಲೇಜಿನಲ್ಲಿ ಪಾಠ ಹೇಳುವ ಮಗಳು ಸ್ವಪ್ನಾ, ಟೈಪು ಮಾಡಿದ್ದನ್ನು ಓದಿ ಹೇಳುವ ಪ್ರೋಗ್ರಾಮ್ ಹಾಕಿಕೊಟ್ಟು, ಪರದೆಯ ಮೂಲೆಯಲ್ಲಿ ಹಸಿರು ಗಿಳಿಯೊಂದನ್ನು ಕೂರಿಸಿದಳು. ಮೌಸಿನಿಂದ ಗಿಳಿಯನ್ನು ಒತ್ತಿದರೆ ಮಾತಿನ ಕಿಟಕಿ ತೆರೆಯುತ್ತಿತ್ತು. ಯಂತ್ರದ ದನಿ ಆಡಿದ ಮೊದಲ ಮಾತು: "ಸಾರಿಗೆ ಉಪ್ಪಿಲ್ಲ."

ಆದರೆ ಯಂತ್ರಕ್ಕೆ ಮುಪ್ಪು ಬಂದಿತ್ತು. ನೀರು ಬೇಕೆಂದು ಅವಳು ಒತ್ತಿದ್ದು, ಅವನು ಹಿತ್ತಲಿಗೆ ಹೋಗಿ ಬಂದ ಮೇಲೆ ಕೇಳುತ್ತಿತ್ತು.

"ಹೊಸದು ಕೊಡಿಸ್ತೀನಿ" ಎಂದಳು ಸ್ವಪ್ನಾ, ಒಂದು ಭಾನುವಾರ.

"ಇದು ಕೆಟ್ಟಿಲ್ಲ ಕೂಸೇ. ಮೈಮೇಲೆ ಹೊದ್ದಿರೋ ಡೆಸ್ಕ್‌ಟಾಪ್ ಭಾರ, ಅಷ್ಟೆ."

"ಹಾಗಾದ್ರೆ ಎಕ್ಸ್‌ಎಫ್‌ಸಿಇ ಅಂತ ಬೇರೆ ಡೆಸ್ಕ್‌ಟಾಪ್ ಇದೆ, ಅದನ್ನ ಹಾಕಿ ಅಪ್ಪಯ್ಯ. ಹಗುರಾನೂ ಆಗುತ್ತೆ, ಗಿಳಿನೂ ಇರುತ್ತೆ."

"ಗಿಳಿ, ಗಡಿಯಾರ, ಪಟ್ಟಿ... ಎಲ್ಲ ಮೆಮೊರಿ ತಿನ್ನೋವೇ. ಕಿಟಕಿ ತೆರೆದು ಮುಚ್ಚೋ ವಿಂಡೋ ಮ್ಯಾನೇಜರ್ ಒಂದೇ ಸಾಕು. ಖಾಲಿ ಪರದೆ. ಕೀಲಿ ಒತ್ತಿದ್ರೆ ಕಿಟಕಿ. ಇನ್ನೆಂತ ಬೇಕು?"

"ಖಾಲಿ ಪರದೆ ನಿಮಗೆ ಚೆಂದ. ಅಮ್ಮಂಗೆ?"

"ನಿಮ್ಮಮ್ಮ ಟೈಪಿಸ್ಟನ ಹೆಂಡ್ತಿ ಮಾರಾಯ್ತಿ!"

ಸರೋಜ ಒಂದೇ ಬೆರಳಿನಲ್ಲಿ ಏನನ್ನೋ ಒತ್ತಿದಳು. ಮಾತು ಊಟದ ಕಡೆ ತಿರುಗಿದ ಮೇಲೆ ಯಂತ್ರ ಹೇಳಿತು: "ಗಿಳಿ ಇರಲಿ."

"ನೋಡು, ಇಷ್ಟು ಹೇಳಕ್ಕೆ ಎಷ್ಟು ಹೊತ್ತಾಯ್ತು!" ಎಂದು ಉಮೇಶ ನಕ್ಕ.

ಅವನು ತನ್ನ ಮನಸ್ಸಿಗೆ ಬಂದದ್ದನ್ನೇ ಹಾಕಿದ. ಪರದೆ ಆಗಷ್ಟೇ ಸಾರಿಸಿದ ಅಂಗಳದಂತೆ ಬರಿದಾಗಿ ನಿಂತಿತು. ಮಾತಿನ ಕಿಟಕಿ ತೆರೆಯಲು ಬಲತುದಿಯ ಆಲ್ಟ್ ಮತ್ತು ಎಡತುದಿಯ ಒಂದು ಅಕ್ಷರವನ್ನು ಒಟ್ಟಿಗೆ ಒತ್ತಬೇಕೆಂದು ಗೊತ್ತುಮಾಡಿದ. ಕೈ ಕಲಿತ ಪಾಠ ಅದು. ಬೇರೆ ರೀತಿ ಹೊಳೆಯಲೇ ಇಲ್ಲ. "ಇಷ್ಟೇ" ಎಂದು ಎರಡೂ ಕೈಯಿಂದ ಒತ್ತಿ ತೋರಿಸಿದ. ಸರೋಜ ಅವನ ಕೈಗಳನ್ನೇ ನೋಡಿದಳು.

ಬೆಳಿಗ್ಗೆ ಕಿಟಕಿ ತೆರೆದುಕೊಡುವುದು ಅವನ ಕೆಲಸವಾಯಿತು. ಆಮೇಲೆ ಮಾತು ಬೆರಳಿನ ಹಿಂದೆಯೇ ಬರುತ್ತಿತ್ತು. "ಷರ್ಟು ತಿರುಗಿಸಿ ಹಾಕಿದೀರಿ." "ಹಾಲು ಉಕ್ತಿದೆ." ಮನೆಯಲ್ಲಿ ಮತ್ತೆ ಬೈಗುಳ ಕೇಳಿದಾಗ ಉಮೇಶನಿಗೆ ಹೊಟ್ಟೆ ತುಂಬಿದಂತಾಯಿತು.

ಕರೆಂಟು ಹೋದರೆ ಮಾತೂ ಹೋಗುತ್ತದಲ್ಲ ಎಂದು, ಒಂದು ದಿನ ಅವಳ ಬಳಿ ಪಕ್ಕದ ಮನೆಯ ಹಾಲಮ್ಮನನ್ನು ಕೂರಿಸಿ, ಯುಪಿಎಸ್ ಬ್ಯಾಟರಿ ತರಲು ಸಾಗರಕ್ಕೆ ಹೋದ. ಎಡಗೈ ಜೋಮಿನ ವಿಷಯ ಹಾಲಮ್ಮನಿಗೆ ತಿಳಿಸಲಿಲ್ಲ. ಏನಾದರೂ ಆದರೆ ಸರೋಜಳೇ ಹೇಳುತ್ತಾಳಲ್ಲ.

ಬ್ಯಾಟರಿ ಹೊತ್ತು ಸಂಜೆ ಬಂದಾಗ ಸರೋಜ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಎಡಗೈ ಮಂಚದಿಂದ ಕೆಳಗೆ ಜೋತುಬಿದ್ದಿತ್ತು. ಎತ್ತಿ ಎದೆಯ ಮೇಲಿಟ್ಟ. ಅದು ಮತ್ತೆ ಜಾರಿತು.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಜೀವ ಉಳಿಸಿ ಕೊಟ್ಟರು. ಕೈ ಬರಲಿಲ್ಲ.

"ಮಧ್ಯಾಹ್ನ ಕರೆಂಟ್ ಹೋಗಿ ಬಂತು ಉಮೇಶಣ್ಣ" ಎಂದಳು ಹಾಲಮ್ಮ, ಸೆರಗಿನಿಂದ ಬಾಯಿ ಒತ್ತಿಕೊಂಡು. "ಬಟನ್ ನಾನೇ ಒತ್ತಿದೆ. ಪರದೆ ಬಂತು, ಅದ್ರಲ್ಲಿ ಎಂತೂ ಇರ್ಲಿಲ್ಲ. ಅಕ್ಕ ಮೂಲೆ ಮೂಲೆ ನೋಡಿದ್ರು. ಆಮೇಲೆ ಈ ತುದಿ ಕೀಲಿ ಒತ್ತೋದು, ಆ ತುದಿಗೆ ಕೈ ಚಾಚೋದು, ಮತ್ತೆ ಈ ತುದಿಗೆ. 'ಯಜಮಾನ್ರು ಸಂಜೆ ಬರ್ತಾರೆ, ಅಷ್ಟು ಹೊತ್ತು ಬಿಟ್ಟಿರಕ್ಕಾಗಲ್ವಾ?' ಅಂತ ತಮಾಷೆ ಮಾಡ್ದೆ. ಕಣ್ಣಲ್ಲಿ ನೀರು ತುಂಬ್ಕೊಂಡ್ರು. ಕೀಲಿ ಮುರಿದುಹೋಗುತ್ತೆ ಅಂತ ನಾನೇ ಕೀಲಿಮಣೆನ ಈಚೆ ತೆಗೆದು, ಕಾಫಿ ಕುಡಿಸಿ ಮಲಗಿಸ್ದೆ."

ಹಾಲಮ್ಮ ಹೋದ ಮೇಲೆ ಉಮೇಶ ಕೀಲಿಮಣೆಯನ್ನು ಮುಂದಿಟ್ಟುಕೊಂಡ. ಬಲಗೈಯನ್ನು ತೊಡೆಯ ಕೆಳಗೆ ಒತ್ತಿ ಹಿಡಿದು, ಎಡಗೈಯನ್ನು ಚಾಚಿದ. ಹೆಬ್ಬೆರಳು ಆಲ್ಟ್ ಮುಟ್ಟಿದರೆ ಕಿರುಬೆರಳು ಎಡತುದಿಯ ಅಕ್ಷರವನ್ನು ತಲುಪಲಿಲ್ಲ. ಮತ್ತೆ ಮತ್ತೆ ಚಾಚಿದ. ಬೆರಳ ಸಂದು ನೋಯತೊಡಗಿತು.

ಮರುದಿನ ಮಗಳು ಹೇಳಿದ್ದನ್ನೇ ಹಾಕಿದ. ಗಿಳಿ ಮೂಲೆಗೆ ಬಂತು. ಯಂತ್ರ ಶುರುವಾದೊಡನೆ ಮಾತಿನ ಕಿಟಕಿ ತಾನಾಗಿ ತೆರೆಯುವಂತೆಯೂ ಮಾಡಿದ. ಸ್ವಪ್ನಾ ಬಾಗಿಲಲ್ಲಿ ನಿಂತು ನೋಡಿದಳು. ಒಳಗೆ ಬಂದು ಅಮ್ಮನ ಹೊದಿಕೆ ಸರಿಮಾಡಿದಳು. ಬೈದಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಅನಿಸಿತು.

ಹೊಸ ಬ್ಯಾಟರಿ ಇರುವುದರಿಂದ ಈಗ ಕರೆಂಟು ಹೋದರೂ ಪರದೆ ಆರುವುದಿಲ್ಲ. ಕಿಟಕಿ ದಿನವಿಡೀ ತೆರೆದಿರುತ್ತದೆ, ಕರ್ಸರ್ ಮಿನುಗುತ್ತಿರುತ್ತದೆ. ಸರೋಜ ಮಲಗಿದಲ್ಲಿಂದಲೇ ಅದನ್ನು ನೋಡುತ್ತಾಳೆ. ಉಮೇಶ ಪಕ್ಕದ ಸ್ಟೂಲಿನಲ್ಲಿ ಕೂತು ಬೆರಳುಗಳನ್ನು ಕೀಲಿಗಳ ಮೇಲಿಡುತ್ತಾನೆ.

"ಎಂತ ಬರೀಲಿ, ಹೇಳು" ಎನ್ನುತ್ತಾನೆ.