ಒಂದು ಬೆರಳು ತಗ್ಗು

ಅಕ್ಕಾ, ಕಾರಿನ ಹಿಂದಿನ ಎಡ ಸೀಟಿನಲ್ಲಿ ಅವ್ವ ಕೂತಿರಲಿಲ್ಲ. ಸತ್ತವಳನ್ನು ಇಷ್ಟು ದಿನ ಅಲ್ಲಿ ಕೂರಿಸಿದವನು ನಾನು — ನಿನ್ನ ಒಡಹುಟ್ಟಿದ ತಮ್ಮ. ಭಾವನ ಬಲಗೈ ಕೆಲಸಕ್ಕೆ ಬಾರದಂತಾದದ್ದೂ ನನ್ನಿಂದಲೇ.

ಸಿರುಮುಗೈಯಿಂದ ಸೀರೆ ಗಂಟು ತುಂಬಿಕೊಂಡು ಹೊರಟರೆ ಕಾರಿನ ಹಿಂಭಾಗ ಕುಸಿಯುತ್ತದೆ ಎಂದು ಭಾವ ಹೇಳಿದ್ದಕ್ಕೆ, ಹಿಂದಿನ ಎರಡೂ ಚಕ್ರಕ್ಕೆ ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್ ಜೋಡಣೆ, ಕಾಯಿಲೋವರ್, ಹಾಕಿಕೊಟ್ಟೆನಲ್ಲ. ಅದರಲ್ಲಿ ಸ್ಪ್ರಿಂಗನ್ನು ಹೊತ್ತ ಒಂದು ರಿಂಗ್ ಇರುತ್ತದೆ. ಅದನ್ನು ಮೇಲಕ್ಕೆ ತಿರುಗಿಸಿದರೆ ಕಾರು ಏರುತ್ತದೆ, ಕೆಳಕ್ಕೆ ತಿರುಗಿಸಿದರೆ ಇಳಿಯುತ್ತದೆ. ಜಾರದಂತೆ ಹಿಡಿಯಲು ಅದರ ಅಡಿಯಲ್ಲೇ ಲಾಕ್ ರಿಂಗ್. ಎಡಗಡೆಯದನ್ನು ಬಿಗಿಯಲು ಅಂದು ಮರೆತೆ. ಮಾತು ಜಾಸ್ತಿ, ಕೈ ಕಡಿಮೆ ಎಂದು ಅವ್ವ ನನ್ನನ್ನು ಸುಮ್ಮನೆ ಬೈಯುತ್ತಿರಲಿಲ್ಲ.

ಮುಂದಿನ ತಿಂಗಳು ಅವ್ವ ಹೋದಳು. ತಿಥಿ ಕಳೆದ ಮೇಲೆ ನೀನೇ ಮೊದಲು ಕಂಡದ್ದು — ಕಾರು ಖಾಲಿ, ಅಂಗಳ ಸಮತಟ್ಟು, ಆದರೂ ಅವಳು ಯಾವಾಗಲೂ ಕೂರುತ್ತಿದ್ದ ಮೂಲೆ ಒಂದು ಬೆರಳು ತಗ್ಗು. ಸಿಂಗಾನಲ್ಲೂರಿನ ನನ್ನ ಶೆಡ್ಡಿಗೆ ಭಾವನೊಂದಿಗೆ ನೀನೂ ಬಂದೆ. ನಾನು ಅಡಿಗೆ ತೂರಿ ನೋಡಿದ ತಕ್ಷಣ ತಿಳಿಯಿತು, ರಿಂಗ್ ಜಾರಿತ್ತು. ನಾಚಿಕೆಯಾಯಿತು. ಸದ್ದಿಲ್ಲದೆ ಏರಿಸಿ, ಬಿಗಿದು, ಎದ್ದು ಬಂದು ಹೇಳಿದೆ:

"ವಂಡೀಲಿ ಒಂದು ತಪ್ಪೂ ಇಲ್ಲಕ್ಕಾ."

ನೀನು ಟೈರಿಗೂ ಮಡ್‌ಗಾರ್ಡಿಗೂ ನಡುವೆ ಬೆರಳಿಟ್ಟು ನೋಡಿದೆ. ನಿನ್ನ ಮುಖ ಬಿಳಿಚಿಕೊಂಡಿತು.

"ಅವ್ವ ಇಳ್ದೋದ್ಳಾ?"

ಕಾರು ಏರಿದ್ದಕ್ಕೆ ಅವ್ವ ಇಳಿದಳೆಂದು ನೀನು ಬಿಕ್ಕಿ ಬಿಕ್ಕಿ ಅಳತೊಡಗಿದೆ. ಆಗಲೇ ಬಾಯಿ ಬಿಡಬೇಕಿತ್ತು. ಬದಲಿಗೆ — ಹೇಗೆ ಹೇಳಲಿ — ಟೀ ಕುಡಿದು ಬನ್ನಿ ಎಂದು ನಿಮ್ಮಿಬ್ಬರನ್ನೂ ಎದುರಿನ ಅಂಗಡಿಗೆ ಕಳಿಸಿ, ರಿಂಗನ್ನು ಮತ್ತೆ ಕೆಳಗಿಳಿಸಿದೆ. ನೀನು ಮರಳಿ ಬಂದು ಬೆರಳಿಟ್ಟೆ. "ಬಂದ್ಲು" ಎಂದೆ ನೀನು. ಮಟಮಟ ಮಧ್ಯಾಹ್ನ, ಅಕ್ಕಾ, ನನ್ನ ಮೈ ಜುಮ್ಮೆಂದಿತು.

ಆಮೇಲೆ ಆ ಸೀಟಿನಲ್ಲಿ ಯಾರನ್ನೂ ಕೂರಲು ನೀನು ಬಿಡಲಿಲ್ಲ. ಅವಳ ಸೀರೆ ಮಡಿಸಿಟ್ಟು ನೀನೇ ಬೆಲ್ಟ್ ಹಾಕುತ್ತಿದ್ದೆ. ಗಂಟು ತುಂಬಿದಾಗ ಎಡ ಚಕ್ರಕ್ಕೆ ಮೇಲೇಳಲು ಜಾಗವೇ ಇರುತ್ತಿರಲಿಲ್ಲ. ಒಮ್ಮೆ ಭಾವ ಫೋನ್ ಮಾಡಿದರು: "ಏನ್ ಮಚ್ಚಾ, ಹಿಂದ್ಗಡೆ ಯಾರೋ ಉಗುರಲ್ಲಿ ಕೆರದಂಗೆ ಸದ್ದು?" ಪಕ್ಕದಿಂದ ನಿನ್ನ ದನಿ ಕೇಳಿತು: "ಅವ್ವ ಬೈತಾವ್ಳೆ, ಮೆಲ್ಲಗೆ ಓಡ್ಸು ಅಂತ." ಅದು ಮಡ್‌ಗಾರ್ಡಿಗೆ ಟೈರ್ ಉಜ್ಜುವ ಸದ್ದೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಿಮ್ಮ ಜೊತೆ ನಕ್ಕೆ.

ವೆಳ್ಳಕೋಯಿಲ್ ಊರು ಇನ್ನೇನು ಬಂತು ಎನ್ನುವಾಗ ಆ ಟೈರ್ ಒಡೆಯಿತು. ಕಾರು ಮಗುಚಿ ಭಾವನ ಕೈ ಅಡಿಗೆ ಸಿಕ್ಕಿತು. ಆಸ್ಪತ್ರೆಯಲ್ಲಿ ಅವರು ಹೇಳಿದ್ದು ಇಷ್ಟೇ: "ಅತ್ತೆ ಕೂತಿದ್ರಲ್ಲ, ಜೀವ ಉಳೀತು." ನಾನು ಹೌದೆಂದು ತಲೆಯಾಡಿಸಿದೆ. ಜರಿಯ ಎಳೆ ಹಿಡಿಯುತ್ತಿದ್ದ ಆ ಕೈಯಲ್ಲಿ ಈಗ ಲೋಟವೂ ನಿಲ್ಲುವುದಿಲ್ಲ.

ಕಾರು ರಿಪೇರಿಯಾಗಿ ಈಗ ನನ್ನ ಶೆಡ್ಡಿನಲ್ಲಿದೆ. ನೀನು ನಿನ್ನೆ ಫೋನಿನಲ್ಲಿ ಹೇಳಿದೆ: "ಆ ಒಂದು ಬೆರಳು ಹಂಗೇ ಬಿಡು. ನನ್ನ ಮೊಮ್ಮಗೂನ ಅವ್ವನ ಪಕ್ಕ ಕೂರಿಸ್ಬೇಕು." ಅದನ್ನು ಕೇಳಿದ ಮೇಲೆ ಸುಮ್ಮನಿರಲಾಗಲಿಲ್ಲ. ಬೆಳಿಗ್ಗೆ ಎರಡೂ ಕಡೆ ಹೊಸ ಸ್ಪ್ರಿಂಗ್ ಹಾಕಿ, ಸಮ ಮಾಡಿ, ಲಾಕ್ ರಿಂಗ್ ಬಿಗಿದು, ಅದು ಅಲುಗಿದರೆ ಗೊತ್ತಾಗಲೆಂದು ಬಿಳಿ ಪೇಂಟಿನ ಗೆರೆ ಎಳೆದೆ. ಆಮೇಲೆ ಈ ಕಾಗದದ ಮೊದಲ ಸಾಲುಗಳನ್ನು ಬರೆದು ಊಟಕ್ಕೆ ಎದ್ದೆ.

ಊಟ ಮುಗಿಸಿ ಬಂದು ನೋಡಿದರೆ ಎಡಗಡೆ ಒಂದು ಬೆರಳು ತಗ್ಗು.

ಬಿಳಿ ಗೆರೆ ಕದಲಿರಲಿಲ್ಲ. ಟೈರಿನ ಗಾಳಿ ಸರಿಯಿತ್ತು. ಮೂರು ಸಲ ಅಳೆದೆ. ಹಿಂದಿನ ಬಾಗಿಲು ತೆರೆದೆ — ಸೀಟು ಖಾಲಿ. ಆದರೂ ಬಾಯಿಂದ ಮಾತು ಬಂದೇಬಿಟ್ಟಿತು: "ಅವ್ವಾ, ಇಳಿ. ಅಕ್ಕನಿಗೆ ನಾನೇ ಹೇಳ್ತೀನಿ." ಕಾರು ಏರಲಿಲ್ಲ. ನನಗೆ ಭಯವಾಗುತ್ತಿದೆ, ಅಕ್ಕಾ.

ಈ ಅಕ್ಷರ ನಿನಗೆ ಓದಲು ಬರದು. ನೀನು ಮಗ್ಗದ ಮುಂದೆ ಕೂತಿದ್ದಾಗ ಅವ್ವ ಕನ್ನಡ ಬರೆಯಲು ಕಲಿಸಿದ್ದು ನನಗೊಬ್ಬನಿಗೇ. ತಮಿಳಿನಲ್ಲಿ ಬರೆದರೆ ನೀನು ಓದಿಬಿಡುತ್ತೀಯೆಂಬ ಅಂಜಿಕೆಯಿಂದಲೇ ಇದರಲ್ಲಿ ಬರೆದೆ. ಅದೂ ಕಳ್ಳತನವೇ. ನಾಳೆ ನೀವು ಬಂದಾಗ ಕಾರಿನ ಕೀ ಕೊಡುವುದಿಲ್ಲ. ಮೊದಲು ನಿನ್ನ ಮತ್ತು ಭಾವನ ಮುಂದೆ ನಿಂತು ಇದನ್ನು ಗಟ್ಟಿಯಾಗಿ ಓದುತ್ತೇನೆ. ಮೊದಲ ಸಾಲು ನಿಜವೋ ಸುಳ್ಳೋ ಈಗ ನನಗೇ ಗೊತ್ತಿಲ್ಲ. ಭಾವನ ಕೈಯ ಸಾಲು ನಿಜ. ಅಲ್ಲಿಂದಲೇ ಓದುತ್ತೇನೆ.