ಟಾವೆಲ್ಲಿನೊಳಗೆ ನಡುಗಿದ ಕಿರುಬೆರಳು

ಧ್ಯಾನ ಕಲಿಯಲು ನನಗೆ ತಗುಲಿದ್ದು ತಿಂಗಳಿಗೆ ಮುನ್ನೂರು ರೂಪಾಯಿ. ಕಲಿಸುವ ಅಕ್ಕೋರು ಕೇಳಿದ್ದು ಐನೂರು. ಕಣ್ಣು ಮುಚ್ಚಿ ಸುಮ್ಮನೆ ಕೂಡುವುದಕ್ಕೆ ದುಡ್ಡು ಕೊಡುವವನಲ್ಲ ನಾನು. ನನ್ನ ಬಲಗೈಯ ಕಿರುಬೆರಳು ಕೊಡಿಸಿತು.

ನಾನು ಎತ್ತಿನ ದಲಾಲಿ. ಮಂದಿಯ ದನ ಕಾಯುತ್ತ ಬೆಳೆದು, ಆಮೇಲೆ ಅದೇ ಮಂದಿಗೆ ಎತ್ತು ಕೊಡಿಸಿದವನು. ನಮ್ಮ ಸಂತೆಯಲ್ಲಿ ದರ ಬಾಯಿಂದ ಹೇಳುವುದಿಲ್ಲ. ಕೈಗಳ ಮೇಲೆ ಟಾವೆಲ್ ಹಾಕಿ, ಒಳಗೆ ಎದುರಿನವನ ಬೆರಳು ಹಿಡಿಯುತ್ತೇವೆ. ಎಂಬತ್ತು ಸಾವಿರದ ಜೋಡಿಯಾದರೆ, ಅದರ ಮೇಲೆ ಎಷ್ಟು ಬೆರಳೋ ಅಷ್ಟು ಸಾವಿರ. ಕೊಳ್ಳುವ ಕಡೆಯವ ಒಮ್ಮೆ ಹಿಡಿದರೆ ಅದೇ ಮಾತು, ಮಾರುವವ ಬೇಕಾದರೆ ಇಳಿಯಬಹುದು.

ವಯಸ್ಸು ಅರವತ್ತೆಂಟು ದಾಟಿದ ಮೇಲೆ ಕೈ ನಡುಗತೊಡಗಿತು. ಒಂದು ದಿನ ಎರಡು ಬೆರಳು ಹಿಡಿದಿದ್ದೆ. ನನ್ನ ಕಿರುಬೆರಳು ತಾನೇ ಹೋಗಿ ಮೂರನೆಯದನ್ನು ತಟ್ಟಿತು.

“ಮೂರು ಹಿಡದ್ರಿ. ಮುಗೀತು ವ್ಯಾಪಾರ,” ಎಂದ ಎತ್ತು ಮಾರುವವ.

“ಅದು ಮೂರಲ್ಲೋ, ನಡುಕಾ!”

“ನಡುಕಕ್ಕ ಬ್ಯಾರೆ ಟಾವೆಲ್ ತರ್ರಿ, ಕಾಕಾ.”

ಸುತ್ತಲಿದ್ದವರೆಲ್ಲ ನಕ್ಕರು. ನಗಲಿ. ಆದರೆ ಬೆರಳು ಸುಳ್ಳು ಹೇಳುವ ದಲಾಲಿಯನ್ನು ಯಾರು ಕರೆಯುತ್ತಾರೆ? ಹೀಗೇ ಇನ್ನೆರಡು ಸಂತೆ ಕಳೆದರೆ ನನ್ನ ಕಸುಬು ಮುಗಿದಂತೆಯೇ.

ಡಾಕ್ಟರು ಕೈ ತಿರುವಿ ನೋಡಿ, “ವಯಸ್ಸಿನ ನಡುಕ ಇದು. ಗಾಬರಿಯಾದಷ್ಟೂ ಜೋರಾಗತದ. ಶಾಂತ ಕೂಡೂದು ಕಲೀರಿ,” ಎಂದರು. ಶಾಂತ ಕೂತಿದ್ದರೆ ನಾನು ಇವತ್ತಿಗೂ ದನ ಕಾಯುತ್ತಲೇ ಇರುತ್ತಿದ್ದೆ.

ಸಂಶಿ ಊರಲ್ಲಿ, ಶಾಲೆಯಿಂದ ನಿವೃತ್ತರಾದ ಅಕ್ಕೋರೊಬ್ಬರು ಮುಂಜಾನೆ ವಯಸ್ಸಾದವರಿಗೆ ಧ್ಯಾನ ಹೇಳಿಕೊಡುತ್ತಿದ್ದರು. ಇಬ್ಬರು ಬಂದರೆ ಎಷ್ಟು ಎಂದು ಕೇಳಿದೆ. ದರ ತಲೆಗೆ ಮುನ್ನೂರಕ್ಕೆ ಇಳಿಯಿತು. ಹಾಗಾಗಿ ನನ್ನ ಜೊತೆಗಾರ ದಲಾಲಿ, ಊರೆಲ್ಲ ಚಾಚಾ ಎನ್ನುವ ಹಳೆಯ ದೋಸ್ತನನ್ನೂ ಎಳೆದುಕೊಂಡು ಹೋದೆ.

ಹೆಬ್ಬೆರಳು, ತೋರುಬೆರಳು ಕೂಡಿಸಿ, ಉಳಿದ ಮೂರು ಬೆರಳು ಚಾಚಿ ತೊಡೆಯ ಮೇಲಿಡಬೇಕೆಂದರು ಅಕ್ಕೋರು. ಇಟ್ಟೆ. ಚಾಚಾ ಒಂದು ಕಣ್ಣು ತೆರೆದು ನನ್ನ ಕೈ ನೋಡಿದ.

“ಮೂರು ಹೇಳಾಕತ್ತೀಯಲ್ಲೋ. ಯಾವ ಎತ್ತಿಗಿ?”

“ಧ್ಯಾನ ಐತಿ, ಸುಮ್ನ ಕುಂದ್ರಲೇ.”

“ಎರಡಕ್ಕ ಕೊಡ್ತೀಯೇನು?”

“ಅಜ್ಜಾರ, ಸಂತಿ ಹೊರಗ ಮಾಡ್ರಿ!” ಎಂದರು ಅಕ್ಕೋರು.

ಆದರೆ ಅವರು ತಿಳಿಸಿ ಹೇಳುವುದರಲ್ಲಿ ಗಟ್ಟಿ. “ನಿಮ್ಮ ನರ ದಿನವಿಡೀ ನೊಗ ಹೊತ್ತಾವು. ಉಸಿರು ನಿಧಾನ ಬಿಟ್ರ ನೊಗ ಇಳಿಸಿದಂಗ. ಹೊಡದು ಬಡದು ಎತ್ತು ಮಲಗಸಾಕ ಬರತದೇನ್ರಿ?” ಎಂದು ಕೇಳಿದರು. ಬರುವುದಿಲ್ಲ. ಆ ಮಾತು ನನ್ನ ತಲೆಗೆ ಹೊಕ್ಕಿತು. ಚಾಚಾ ಮಾತ್ರ ದಿನಾ ನಿದ್ದೆ ಹೊಡೆದ. ಅವನದು ನಿಜವಾದ ಲಾಭ.

ಎರಡು ತಿಂಗಳಿಗೆ, ಬಸಿಗೆ ಸುರಿದು ಕುಡಿಯುವ ಚಹಾ ಧೋತರದ ಮೇಲೆ ಚೆಲ್ಲುವುದು ಕಡಿಮೆಯಾಯಿತು. “ಕೈ ಅಷ್ಟ ಅಲ್ಲ, ನಿಮ್ಮ ಬಾಯೀನೂ ತಣ್ಣಗಾಗೇತಿ,” ಎಂದಳು ಹೆಂಡತಿ.

ಆಮೇಲೆ ಅದೇ ಸಂತೆ, ಎತ್ತು ಮಾರುವ ಅದೇ ಮನುಷ್ಯ, ಬೇರೆ ಜೋಡಿ. ಟಾವೆಲ್ ಒಳಗೆ ಅವನು ನನ್ನ ನಾಲ್ಕು ಬೆರಳು ಹಿಡಿದ. ನಾನು ಉಸಿರು ನಿಧಾನ ಬಿಟ್ಟೆ. ಇನ್ನೊಂದು. ಮತ್ತೊಂದು.

“ಯಾಕ್ರಿ ಕಾಕಾ, ಜೋಡಿ ಮನಸಿಗೆ ಬರಲಿಲ್ಲೇನ್ರಿ?” ಎಂದು ಒಂದು ಬೆರಳು ತಾನೇ ಬಿಟ್ಟು ಮೂರಕ್ಕಿಳಿದ. ನಾನಿನ್ನೂ ನಾಲ್ಕನೆಯ ಉಸಿರಿನಲ್ಲಿದ್ದೆ. ಆಮೇಲೆ ಅವನ ಎರಡು ಬೆರಳು ಹಿಡಿದೆ. ಕಿರುಬೆರಳು ಸ್ವಲ್ಪ ಅಲುಗಿತು, ಆದರೆ ಜಾಗ ಬಿಟ್ಟು ಹೋಗಲಿಲ್ಲ. ಎರಡಕ್ಕೇ ಮುಗಿಯಿತು. ಆ ದಿನವೇ ಇನ್ನಿಬ್ಬರು ಕರೆದರು.

ನಿಮಗೂ ಕೈ ನಡುಗುತ್ತಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ. ಎಲ್ಲ ನಡುಕವೂ ಉಸಿರಿಗೆ ಬಗ್ಗುವುದಿಲ್ಲ, ನನ್ನದೂ ಪೂರ್ತಿ ಹೋಗಿಲ್ಲ. ಬಿ.ಪಿ. ಗುಳಿಗೆ ನುಂಗುತ್ತಿದ್ದರೆ ನಿಲ್ಲಿಸಬೇಡಿ. ಗೆಳೆಯನನ್ನು ಕರೆದೊಯ್ಯಿರಿ, ಆದರೆ ಅವನ ಪಕ್ಕದಲ್ಲಿ ಕೂಡಬೇಡಿ. ಮೊಣಕಾಲು ನೋಯುತ್ತಿದ್ದರೆ ಕುರ್ಚಿ ಕೇಳಿ. ಕುರ್ಚಿಗೆ ಬೇರೆ ದುಡ್ಡು ಎಂದರೆ ಎದ್ದು ಬನ್ನಿ. ಉಸಿರು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಬಿಡಿ. ಎಂಟು ದಿನದಲ್ಲಿ ಏನೂ ಆಗಲಿಲ್ಲವೆಂದು ಬಿಟ್ಟು ಬರಬೇಡಿ, ಕನಿಷ್ಠ ದುಡ್ಡು ಕೊಟ್ಟ ತಿಂಗಳಾದರೂ ಮುಗಿಸಿ.