ಅಮ್ಮನ ಎಕ್ಸ್‌ರೇ ರಂಗೋಲಿ

"ಹಳೇ ಎಕ್ಸ್‌ರೇ ಏನಾದ್ರೂ ಇಟ್ಕೊಂಡಿದೀರಾ ಅಮ್ಮಾ? ಎಷ್ಟು ಹಳೇದಾದ್ರೂ ಪರವಾಗಿಲ್ಲ" ಎಂದು ಡಾಕ್ಟರು ಕೇಳಿದಾಗ ನನ್ನ ಅಕ್ಕ ಉತ್ತರ ಕೊಡುವ ಮೊದಲು ಪಕ್ಕದಲ್ಲಿ ಕುಳಿತಿದ್ದ ಗಂಡನ ಮುಖ ನೋಡಿದಳು. ಆಮೇಲೆ "ಇಲ್ಲ ಡಾಕ್ಟ್ರೇ" ಎಂದಳು.

"ಚಿಕ್ಕ ವಯಸ್ಸಲ್ಲಿ ಟಿ.ಬಿ. ಏನಾದ್ರೂ ಬಂದಿತ್ತಾ?"

"ಅಯ್ಯೋ, ಅಂಥದ್ದೆಲ್ಲ ಏನೂ ಇಲ್ಲಮ್ಮ."

ಅಕ್ಕ ಅಲ್ಲಿಗೆ ಹೋಗಿದ್ದು ಮಂಡಿಗಾಗಿ. ಪದ್ಮನಾಭನಗರದ ಮನೆಯ ಮೆಟ್ಟಿಲು ಹತ್ತಿಳಿದು ಸವೆದ ಮಂಡಿಗೆ ಆಪರೇಷನ್ ಮಾಡಿಸೋಣ ಎಂದು ಜಯನಗರದ ಆಸ್ಪತ್ರೆಗೆ ಹೋದರೆ, ಅದಕ್ಕೆ ಮೊದಲು ಎದೆಯದೊಂದು ಎಕ್ಸ್‌ರೇ ಬೇಕು ಎಂದರು. ಎಕ್ಸ್‌ರೇಯಲ್ಲಿ ಏನೋ ಕಂಡಿತೆಂದು ಸಿ.ಟಿ. ಸ್ಕ್ಯಾನ್ ಮಾಡಿದರು. ಮಂಡಿ ನೋವೆಂದು ಹೋದವಳು ಎದೆ ಹಿಡಿದುಕೊಂಡು ಕೂತಳು. ಜೊತೆಗೆ ಭಾವ, ಅವರಿಬ್ಬರಿಗೂ ಧೈರ್ಯ ಹೇಳಲು ನಾನು. ಧೈರ್ಯ ನನಗೇ ಇರಲಿಲ್ಲ, ಆದರೆ ನಮ್ಮ ಮನೆಯಲ್ಲಿ ಬಾಯಿ ಜೋರಿರುವವರನ್ನೇ ಧೈರ್ಯವಂತರು ಎಂದುಕೊಳ್ಳುತ್ತಾರೆ.

ಡಾಕ್ಟರು ನಮ್ಮ ಮಗಳ ವಯಸ್ಸಿನ ಹುಡುಗಿ. ಪರದೆಯನ್ನು ನಮ್ಮ ಕಡೆ ತಿರುಗಿಸಿ ಮೌಸ್‌ನ ಚಕ್ರ ಉರುಳಿಸಿದಳು. ಅಕ್ಕನ ಎದೆ ಬ್ರೆಡ್ಡಿನ ಹಾಗೆ ಹೋಳು ಹೋಳಾಗಿ ಒಂದರ ಹಿಂದೊಂದು ಬಂತು. ಒಂದು ಹೋಳಿನಲ್ಲಿ, ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ, ಕಡಲೆಕಾಳಿನಷ್ಟು ಬಿಳಿ ಗುರುತು ಇತ್ತು. ಹಳೆಯ ಗಾಯ ಮಾಗಿ ಉಳಿದ ಕಲೆಯೂ ಇರಬಹುದು, ಹೊಸದಾಗಿ ಬೆಳೆಯುತ್ತಿರುವ ಗಂಟೂ ಇರಬಹುದು. ಒಂದೇ ಚಿತ್ರ ನೋಡಿ ಹೇಳುವುದು ಕಷ್ಟ, ಹಿಂದಿನದೊಂದು ಸಿಕ್ಕಿ ಅದರಲ್ಲೂ ಇದೇ ಗುರುತು ಇದ್ದರೆ ಮುಟ್ಟುವುದೇ ಬೇಡ ಎಂದಳು. ಇಲ್ಲದಿದ್ದರೆ ಬೆನ್ನಿನಿಂದ ಸೂಜಿ ಹಾಕಿ ಚೂರು ತೆಗೆದು ಪರೀಕ್ಷೆ ಮಾಡಬೇಕು. ಅಕ್ಕನಿಗೆ ಮೊದಲೇ ಉಬ್ಬಸ. ಸೂಜಿ ಹಾಕಿದಾಗ ಶ್ವಾಸಕೋಶದಿಂದ ಗಾಳಿ ಸೋರಿದರೆ ಅಪಾಯ ಎನ್ನುವುದನ್ನೂ ಮುಚ್ಚಿಡದೆ ಹೇಳಿ, ಮುಂದಿನ ವಾರ ಬನ್ನಿ, ನಿರ್ಧಾರ ಮಾಡೋಣ ಎಂದಳು.

ನಾವು ಆಟೋ ಹತ್ತುವ ಮೊದಲೇ ಅಕ್ಕನ ಎದೆ ಭಾವನ ಮೊಬೈಲಿಗೆ ಬಂದಿತ್ತು. ಒಂದು ಲಿಂಕು, ಒಂದು ಪಾಸ್‌ವರ್ಡು. ಭಾವ ಅದನ್ನು ಒತ್ತಿ, ಹಿಗ್ಗಿಸಿ, ತಿರುಗಿಸಿ, ಏನೂ ಅರ್ಥವಾಗದೆ ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡರು. ನನಗೆ ಹಳೆಯ ಕಂದು ಲಕೋಟೆಗಳು ನೆನಪಾದವು.

ಆಗ ಎಕ್ಸ್‌ರೇ ತೆಗೆಸುವುದೆಂದರೆ ಮನೆಗೆ ಒಂದು ದೊಡ್ಡ ವಸ್ತು ಬಂದ ಹಾಗೆ. ಅಪ್ಪ ಲಕೋಟೆಯನ್ನು ಮಡಚದೆ, ಬಸ್ಸಿನಲ್ಲಿ ಯಾರಿಗೂ ತಾಗಿಸದೆ ತರುತ್ತಿದ್ದರು. ಜಯನಗರದ ನಮ್ಮ ಬಾಡಿಗೆ ಮನೆಯ ಮುಂದಿನ ಕಿಟಕಿಗೆ ಫಿಲ್ಮ್ ಹಿಡಿದರೆ ಅಕ್ಕಪಕ್ಕದ ಮನೆಯವರೆಲ್ಲ ಬಂದು ನೋಡಿ, ಮೂಳೆ ಸರಿಯಾಗಿ ಕೂಡಿದೆ, ಕೂಡಿಲ್ಲ ಎಂದು ತೀರ್ಪು ಕೊಡುತ್ತಿದ್ದರು. ಒಬ್ಬರಿಗೂ ಏನೂ ಗೊತ್ತಿರುತ್ತಿರಲಿಲ್ಲ. ಆದರೂ ಅವರು ಹೋದ ಮೇಲೆ ಮನಸ್ಸು ಹಗುರವಾಗುತ್ತಿತ್ತು. ಈಗ ಮೊಬೈಲಿನಲ್ಲಿರುವುದನ್ನು ಯಾವ ಕಿಟಕಿಗೆ ಹಿಡಿಯುವುದು?

ಕಾಯಿಲೆ ವಾಸಿಯಾದ ಮೇಲೆ ಫಿಲ್ಮ್ ಅಮ್ಮನ ಪಾಲಾಗುತ್ತಿತ್ತು. ನಮ್ಮಮ್ಮ ಯಾವುದನ್ನೂ ಎಸೆಯುವ ಹೆಂಗಸಲ್ಲ. ಫಿಲ್ಮಿನ ಮೇಲೆ ಸೀಮೆಸುಣ್ಣದಿಂದ ಚಿತ್ರ ಬರೆದು, ಉರಿಯುವ ಊದುಬತ್ತಿಯ ತುದಿಯಿಂದ ಗೆರೆಯುದ್ದಕ್ಕೂ ಸಾಲಾಗಿ ತೂತು ಸುಡುತ್ತಿದ್ದಳು. ಅದೇ ರಂಗೋಲಿ ಅಚ್ಚು. ಅಂಗಳದಲ್ಲಿಟ್ಟು ಮೇಲೆ ರಂಗೋಲಿ ಪುಡಿ ಸವರಿ ಎತ್ತಿದರೆ ನೆಲದ ಮೇಲೆ ಚುಕ್ಕಿ ಚುಕ್ಕಿಯಾಗಿ ಕಮಲ. ಸೈಕಲ್ಲಿನಿಂದ ಬಿದ್ದು ಮುರಿದ ಅಪ್ಪನ ಮೊಣಕಾಲಿನ ಕೆಳಗಿನ ಮೂಳೆಯಿಂದ ನಮ್ಮ ಬಾಗಿಲಿಗೆ ಪ್ರತಿ ಶುಕ್ರವಾರ ಕಮಲ ಬಂತು. "ನನ್ನ ಕಾಲು ನಿಮ್ಮಮ್ಮನಿಗೆ ಈಗ ಉಪಯೋಗಕ್ಕೆ ಬಂತು" ಎಂದು ಅಪ್ಪ ಗೊಣಗುತ್ತಿದ್ದರು. ಬೀದಿಯ ಅರ್ಧ ಮನೆಗಳು ಆ ಅಚ್ಚುಗಳನ್ನು ಎರವಲು ಒಯ್ಯುತ್ತಿದ್ದವು. ಇವತ್ತಿಗೂ ಊದುಬತ್ತಿಗೆ ಪ್ಲಾಸ್ಟಿಕ್ ತಾಗಿದ ವಾಸನೆ ಬಂದರೆ ನನಗೆ ಹಬ್ಬದ ಹಿಂದಿನ ದಿನ ನೆನಪಾಗುತ್ತದೆ.

ಅಮ್ಮ ಕೊನೆಯ ವರ್ಷಗಳನ್ನು ಜೆ.ಪಿ. ನಗರದ ನಮ್ಮ ಮನೆಯಲ್ಲಿ ಕಳೆದಳು. ಅವಳ ಗೊಂಬೆ ಪೆಟ್ಟಿಗೆ ನಮ್ಮ ಅಟ್ಟದ ಮೇಲೇ ಇತ್ತು. ಅಕ್ಕನ ಎದೆಯ ಎಕ್ಸ್‌ರೇ ಒಂದಾದರೂ ಸಿಕ್ಕೀತು ಎಂದು ಮರುದಿನವೇ ಏಣಿ ಹಾಕಿದೆ. ಈ ವಯಸ್ಸಲ್ಲಿ ಏಣಿ ಯಾಕೆ ಎಂದು ಮನೆಯವರು ಕೆಳಗಿನಿಂದ ಉಪದೇಶ ಕೊಡುತ್ತಿದ್ದರು, ಏಣಿ ಹಿಡಿದುಕೊಳ್ಳಿ, ಬಾಯಿ ಬೇಡ ಎಂದೆ.

ಗೊಂಬೆಗಳ ಅಡಿಯಲ್ಲಿ, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಅಚ್ಚುಗಳೆಲ್ಲ ಇದ್ದವು. ಅಪ್ಪನ ಕಾಲು ಸಿಕ್ಕಿತು. ಪಾರ್ಕಿನ ಜಾರುಬಂಡೆಯಿಂದ ಬಿದ್ದಾಗಿನ ನನ್ನ ಮಣಿಕಟ್ಟು ಸಿಕ್ಕಿತು, ಅದರ ಮೇಲೊಂದು ಶಂಖ. ಅಜ್ಜಿಯ ಸೊಂಟದಲ್ಲಿ ನವಿಲು. ಎಲ್ಲದರಲ್ಲೂ ತೂತುಗಳ ನಡುವೆ ಮೂಳೆ ಹಾಗೇ ಕಾಣುತ್ತಿತ್ತು. ಕೊನೆಯದೊಂದು ಮಾತ್ರ ಬೇರೆ. ಎಲ್ಲಕ್ಕಿಂತ ದೊಡ್ಡ ಹಾಳೆ, ಅದರಲ್ಲಿ ಮಾವಿನಕಾಯಿಗಳ ಬಳ್ಳಿ, ಉಳಿದಂತೆ ಏನೂ ಇಲ್ಲ. ಕಪ್ಪು ಇಲ್ಲ, ಮೂಳೆ ಇಲ್ಲ, ಮೂಲೆಯಲ್ಲಿ ಇರಬೇಕಾದ ಹೆಸರಿಲ್ಲ. ತಿಳಿನೀಲಿ ಪ್ಲಾಸ್ಟಿಕ್ ಅಷ್ಟೆ. ಕಿಟಕಿಗೆ ಹಿಡಿದರೆ ಎದುರಿನ ಅಪಾರ್ಟ್‌ಮೆಂಟಿನಲ್ಲಿ ಒಣಹಾಕಿದ ಬಟ್ಟೆ ಕಾಣುತ್ತಿತ್ತು.

ನಾನು ಏಣಿಯ ಪಕ್ಕದಲ್ಲೇ ಕೂತುಬಿಟ್ಟೆ. ಆ ಹಾಳೆಯನ್ನು ತೊಳೆಯುವುದನ್ನು ನಾನು ನೋಡಿದ್ದೆ. ಆಗ ನನಗೆ ಎಂಟೋ ಒಂಬತ್ತೋ. ಹಿತ್ತಲಿನಲ್ಲಿ ಅಮ್ಮ ಬಿಸಿನೀರಿನ ಬಕೆಟ್ಟಿಗೆ ವಾಷಿಂಗ್ ಸೋಡಾ ಸುರಿದು, ಫಿಲ್ಮನ್ನು ಅದರಲ್ಲಿ ಮುಳುಗಿಸಿ, ತೆಂಗಿನ ನಾರಿನಿಂದ ಉಜ್ಜುತ್ತಿದ್ದಳು. ನೀರು ಕಪ್ಪಗಾಗಿತ್ತು. ಏನಮ್ಮಾ ಅದು ಎಂದರೆ, ಒಳಗೆ ಹೋಗಿ ಮಗ್ಗಿ ಬರಿ ಎಂದಿದ್ದಳು.

ಅದೇ ವರ್ಷ ಅಕ್ಕ ಕಾಲೇಜು ಬಿಟ್ಟು ಮನೆಯಲ್ಲಿದ್ದಳು. ಎದೆಯಲ್ಲಿ ನೆಗಡಿ ಕಟ್ಟಿದೆ ಎಂದು ನನಗೆ ಹೇಳಿದ್ದರು. ಅವಳಿಗೆ ಬೇರೆ ತಟ್ಟೆ, ಬೇರೆ ಲೋಟ, ಹಿಂದಿನ ಕೋಣೆಯಲ್ಲಿ ಒಬ್ಬಳೇ ಮಲಗುವುದು. ಮೊಟ್ಟೆಯ ಹೆಸರೆತ್ತಿದರೆ ಮೂಗು ಮುಚ್ಚಿಕೊಳ್ಳುತ್ತಿದ್ದ ಅಮ್ಮ ಹಿತ್ತಲಿನ ಒಲೆಯಲ್ಲಿ ಮೊಟ್ಟೆ ಬೇಯಿಸಿ ಅವಳಿಗೆ ತಿನ್ನಿಸುತ್ತಿದ್ದಳು. ಬೀದಿ ಏಳುವ ಮುಂಚೆ ಒಬ್ಬ ಕಾಂಪೌಂಡರ್ ಹಿಂಬಾಗಿಲಿನಿಂದ ಬಂದು ಇಂಜೆಕ್ಷನ್ ಕೊಟ್ಟು ಹೋಗುತ್ತಿದ್ದ. ಇಷ್ಟೆಲ್ಲ ನನ್ನ ಕಣ್ಣೆದುರೇ ನಡೆದಿತ್ತು, ಆದರೆ ಒಂದಕ್ಕೊಂದು ಕೂಡಿಸಿ ನೋಡುವ ಬುದ್ಧಿ ಆ ದಿನದವರೆಗೆ ನನಗೆ ಬಂದಿರಲಿಲ್ಲ.

ಹಾಳೆಯನ್ನು ಚೀಲದಲ್ಲಿಟ್ಟುಕೊಂಡು ಪದ್ಮನಾಭನಗರಕ್ಕೆ ಹೋದೆ. ಭಾವ ವಾಕಿಂಗ್ ಹೋಗುವ ಹೊತ್ತು ನೋಡಿಕೊಂಡೇ ಹೋದೆ. ಅಕ್ಕ ಅದನ್ನು ನೋಡಿದ ಕೂಡಲೇ ಬಾಗಿಲು ಮುಂದೆ ಮಾಡಿದಳು.

"ಇದಿನ್ನೂ ಇದ್ಯಾ?" ಎಂದಳು. ಸ್ವಲ್ಪ ಹೊತ್ತು ಅದರ ಮೇಲೆ ಕೈಯಾಡಿಸಿದಳು. "ಅಮ್ಮ ನನ್ನ ಮುಂದೇನೇ ತೊಳೆದಿದ್ದು ಕಣೇ. ತೊಳೆದು ಬಿಸಿಲಿಗೆ ಹಿಡಿದು, ಹೋಯ್ತು ನೋಡು, ಇನ್ನು ಯಾರಿಗೂ ಕಾಣಲ್ಲ ಅಂದ್ಲು. ನನ್ನ ಮದುವೇಲಿ ಬೀಗರು ಬರೋ ಬಾಗಿಲಿಗೆ ಇದ್ರಲ್ಲೇ ರಂಗೋಲಿ ಹಾಕಿದ್ಲು. ಇವರಮ್ಮ ನೋಡಿ, ಎಷ್ಟು ಚೆನ್ನಾಗಿದೆ ಅಂದ್ರು."

ನನಗೆ ಅಳು ಬರುವ ಬದಲು ಸಿಟ್ಟು ಬಂತು. ನನ್ನ ಸ್ವಭಾವವೇ ಹಾಗೆ. "ಹಾಗಾದ್ರೆ ಡಾಕ್ಟ್ರು ಕೇಳಿದಾಗ ಬಾಯಿಗೆ ಬೀಗ ಹಾಕ್ಕೊಂಡಿದ್ಯಾಕೆ? ಬೆನ್ನಿಗೆ ಸೂಜಿ ಚುಚ್ಚಿಸ್ಕೋತೀಯ, ಒಂದು ಮಾತು ಹೇಳೋಕಾಗಲ್ವಾ?"

"ಇವರು ಪಕ್ಕದಲ್ಲೇ ಇದ್ರಲ್ಲೇ."

"ಇದ್ರೆ?"

"ಇವರಿಗೆ ಹೇಳಲ್ಲ ಅಂತ ಅಮ್ಮನಿಗೆ ಮಾತು ಕೊಟ್ಟಿದೀನಿ."

"ಅಮ್ಮ ಹೋಗಿ ಎಷ್ಟು ವರ್ಷ ಆಯ್ತು ಅಕ್ಕಾ!"

"ಅದಕ್ಕೇ ಕಣೇ. ವಾಪಸ್ ತಗೋ ಅಂತ ಯಾರಿಗೆ ಹೇಳ್ಲಿ?" ಎಂದಳು. ಆಮೇಲೆ ದನಿ ತಗ್ಗಿಸಿ, "ಇವರು ಇಷ್ಟು ವರ್ಷ ನನ್ನ ಎಂಜಲು ತಟ್ಟೇಲಿ ತಿಂದಿದಾರೆ. ಈಗ ಹೇಳಿದ್ರೆ, ಇವಳು ಮೋಸ ಮಾಡಿ ಮದುವೆ ಆದ್ಲು ಅನ್ಕೊಳ್ಳಲ್ವಾ? ಕ್ಯಾನ್ಸರ್ ಆದ್ರೂ ಆಗ್ಲಿ, ಅದೊಂದು ಬೇಡ" ಎಂದಳು.

ಅವಳು ತಮಾಷೆ ಮಾಡುತ್ತಿರಲಿಲ್ಲ. ಕೊನೆಗೆ ನಾನೇ ಒಂದು ಉಪಾಯ ಹೇಳಿದೆ. ಮುಂದಿನ ವಾರ ಡಾಕ್ಟರ ಕೋಣೆಗೆ ಹೋದ ಕೂಡಲೇ ಭಾವನನ್ನು ಏನೋ ಒಂದು ನೆಪ ಹೇಳಿ ಹೊರಗೆ ಕಳಿಸುತ್ತೇನೆ, ಅಷ್ಟರಲ್ಲಿ ನೀನು ಹೇಳಿಬಿಡು ಎಂದೆ. ಅಕ್ಕ ಒಪ್ಪಿದಳು.

ಆ ದಿನ ಕೋಣೆಯೊಳಗೆ ಕೂತ ಮೇಲೆ ನಾನು, "ಭಾವ, ಕೆಳಗೆ ಮೆಡಿಕಲ್ಸ್‌ನಲ್ಲಿ ಅವಳ ಉಬ್ಬಸದ ಮಾತ್ರೆ ತಗೊಂಡ್ಬರ್ತೀರಾ?" ಎಂದೆ. ಭಾವ ಪಾಪ, ಹೇಳಿದ್ದು ಮಾಡುವ ಮನುಷ್ಯ. ಎದ್ದರು. ಅಕ್ಕ ಅವರ ಷರ್ಟಿನ ತೋಳು ಹಿಡಿದುಕೊಂಡಳು.

"ಕೂತ್ಕೊಳ್ಳಿ" ಎಂದಳು. ಅವರ ಕಡೆ ನೋಡದೆ, ಡಾಕ್ಟರ ಮೇಜಿನ ಅಂಚನ್ನು ನೋಡುತ್ತ ಹೇಳಿದಳು. "ನಂಗೆ ಕಾಲೇಜಲ್ಲಿದ್ದಾಗ ಟಿ.ಬಿ. ಬಂದಿತ್ತು ಡಾಕ್ಟ್ರೇ. ಬಲಗಡೆ, ಮೇಲ್ಗಡೆ ಅಂದಿದ್ರು. ತಿಂಗಳುಗಟ್ಟಲೆ ದಿನಾ ಇಂಜೆಕ್ಷನ್ನು, ಮಾತ್ರೆ. ವಾಸಿಯಾಯ್ತು. ಫೋಟೋ ಇಲ್ಲ, ನಮ್ಮಮ್ಮ ತೊಳೆದುಬಿಟ್ಲು."

ಆ ಹುಡುಗಿಗೆ ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಕಾಣಲಿಲ್ಲ. "ಇದನ್ನ ಮೊದ್ಲೇ ಹೇಳ್ಬಾರ್ದಿತ್ತಾ ಅಮ್ಮಾ" ಎಂದು ಮತ್ತೆ ಮೌಸ್ ಉರುಳಿಸಿದಳು, ಸ್ಕ್ಯಾನ್ ಓದಿದ ಇನ್ನೊಬ್ಬ ಡಾಕ್ಟರಿಗೆ ಫೋನು ಮಾಡಿದಳು. ಗುರುತಿನ ಒಂದು ಕಡೆ ಸುಣ್ಣ ಕಟ್ಟಿದ ಹಾಗಿರುವುದು, ಅದು ಇರುವ ಜಾಗ, ಎಲ್ಲವೂ ಹಳೆಯ ಟಿ.ಬಿ.ಗೆ ಹೊಂದುತ್ತದೆ ಎಂದರಂತೆ. ಸೂಜಿ ಸದ್ಯಕ್ಕೆ ಬೇಡ, ಮೂರು ತಿಂಗಳು ಬಿಟ್ಟು ಇನ್ನೊಂದು ಸ್ಕ್ಯಾನ್ ಮಾಡಿ ಎರಡನ್ನೂ ಪಕ್ಕದಲ್ಲಿಟ್ಟು ನೋಡೋಣ, ಬೆಳೆದಿದ್ದರೆ ಮಾತ್ರ ಯೋಚನೆ ಎಂದಳು. ಭಾವ ಎಲ್ಲ ಕೇಳಿಸಿಕೊಂಡು ಫೈಲನ್ನು ಕಂಕುಳಲ್ಲಿಟ್ಟುಕೊಂಡು ಹೊರಗೆ ನಡೆದರು. ದಾರಿಯುದ್ದಕ್ಕೂ ಒಂದು ಮಾತಾಡಲಿಲ್ಲ.

ಆ ಮೂರು ತಿಂಗಳು ಅಕ್ಕ ದಿನಾ ನನಗೆ ಫೋನು ಮಾಡಿದಳು. ಗಂಟಿನ ಬಗ್ಗೆ ಕೇಳಿದರೆ ಅದಿರಲಿ ಎನ್ನುತ್ತಿದ್ದಳು. "ಇವರು ಆ ವಿಷಯಾನೇ ಎತ್ತಲ್ಲ ಕಣೇ. ಸಾರಕ್ಕಿ ಮಾರ್ಕೆಟ್ಟಿಂದ ಸೊಪ್ಪು ತರ್ತಾರೆ, ಮಾತ್ರೆ ತೆಗೆದು ಕೊಡ್ತಾರೆ, ಪೇಪರ್ ಓದ್ತಾರೆ. ಬೈದಾದ್ರೂ ಬೈಬಾರದಾ?" ಭಾವ ಮೊದಲಿನಿಂದಲೂ ಮಿತಭಾಷಿ. ನಾನು ಅವರನ್ನು ಕಂಬ ಎಂದೇ ರೇಗಿಸುತ್ತಿದ್ದೆ. ಈಗ ಮಾತ್ರ ಅವರ ಮೌನ ನನಗೂ ಹೆದರಿಕೆ ತರುತ್ತಿತ್ತು. ಹೇಳು ಎಂದು ಅಕ್ಕನ ಹಿಂದೆ ಬಿದ್ದವಳು ನಾನೇ ತಾನೆ.

ಎರಡನೇ ಸ್ಕ್ಯಾನಿನ ದಿನವೂ ಮೂವರೇ ಹೋದೆವು. ಡಾಕ್ಟರು ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ತೆರೆದು, ಗುರುತಿನ ಈ ತುದಿಯಿಂದ ಆ ತುದಿಗೆ ಗೆರೆ ಎಳೆದು ಅಳೆದಳು. "ಒಂಚೂರೂ ಬೆಳೆದಿಲ್ಲ. ಹಳೇ ಕಲೇನೇ ಇರ್ಬೇಕು. ವರ್ಷಕ್ಕೊಂದ್ಸಲ ನೋಡ್ತಾ ಇರೋಣ, ಈಗ ಮಂಡಿ ಮಾಡಿಸ್ಕೊಳ್ಳಿ" ಎಂದು ನಕ್ಕಳು. ಅಮ್ಮ ಅಷ್ಟು ಉಜ್ಜಿದರೂ ಅಕ್ಕನ ಎದೆಯಲ್ಲಿ ಅದು ಉಳಿದೇ ಇತ್ತು, ಯಂತ್ರ ಅದನ್ನು ನಿಧಾನವಾಗಿ ಓದಿ ಹೇಳಿತು. ಅಮ್ಮ ಇದ್ದಿದ್ದರೆ ಡಾಕ್ಟರನ್ನು ಹರಸುತ್ತಿದ್ದಳೋ, ಸ್ಕ್ಯಾನ್ ಯಂತ್ರಕ್ಕೆ ಶಾಪ ಹಾಕುತ್ತಿದ್ದಳೋ ಹೇಳಲಾರೆ. ನನಗೆ ಅವಳು ಬೇಕೆನಿಸಿತು.

ಹೊರಗೆ ಬಂದು ರಸ್ತೆ ದಾಟಿ ದರ್ಶಿನಿಯಲ್ಲಿ ಕಾಫಿ ತೆಗೆದುಕೊಂಡೆವು. ಆಫೀಸಿನವರು, ಕಾಲೇಜಿನವರು, ನಿಲ್ಲಲು ಜಾಗವಿಲ್ಲ. ಮೂವರೂ ಒಂದು ಕಲ್ಲಿನ ಮೇಜಿನ ಸುತ್ತ ನಿಂತೆವು. ಭಾವ ಲೋಟ ಕೈಯಲ್ಲಿ ಹಿಡಿದು, ಕುಡಿಯದೆ, ಅಕ್ಕನನ್ನು ನೋಡಿದರು.

"ಅವತ್ತು ದಿನಾ ಇಂಜೆಕ್ಷನ್ ಅಂದ್ಯಲ್ಲ" ಎಂದರು. "ತುಂಬಾ ನೋಯ್ತಿತ್ತಾ?"

ಅಕ್ಕನಿಗೆ ಮೊದಲು ಅರ್ಥವೇ ಆಗಲಿಲ್ಲ. ಬೈಗುಳಕ್ಕೆ ತಯಾರಾಗಿ ನಿಂತವಳು ಅವಳು.

"ಕೂರೋಕಾಗ್ತಿರಲಿಲ್ಲ" ಎಂದಳು. "ಅಳಬೇಡ, ಪಕ್ಕದ ಮನೆಗೆ ಕೇಳ್ಸತ್ತೆ ಅಂತ ಅಮ್ಮ ಬಾಯಿಗೆ ಸೆರಗು ಹಿಡೀತಿದ್ಲು."

ಅಷ್ಟು ಹೇಳಿ ಅಲ್ಲೇ, ಅಷ್ಟು ಜನರ ನಡುವೆ, ಚಿಕ್ಕ ಹುಡುಗಿಯ ಹಾಗೆ ಜೋರಾಗಿ ಅತ್ತಳು. ಕಾಫಿ ಕುಡಿಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಭಾವ ಲೋಟ ಕೆಳಗಿಟ್ಟು ಅವಳ ಬೆನ್ನ ಮೇಲೆ ಕೈಯಿಟ್ಟುಕೊಂಡು ನಿಂತರು. ಸುಮ್ಮನಿರು ಎಂದು ಒಮ್ಮೆಯೂ ಹೇಳಲಿಲ್ಲ.